ರೈಫಲ್‌ಗೆ ಹೊಸ ಟ್ರಿಗರ್ ಹಾಕಿಸಬೇಕಾ, ಕಂಪನಿ ಕೊಟ್ಟದ್ದೇ ಸಾಕಾ?

ಪ್ರಶ್ನೆ: ಸರ್, ಎಂಟು ತಿಂಗಳಿಂದ .22 ಬೋಲ್ಟ್ ರೈಫಲ್‌ನಲ್ಲಿ 50 ಮೀಟರ್ ದೂರಕ್ಕೆ ಮಲಗಿ ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ರೈಫಲ್ ಸುಮಾರು 4 ಕಿಲೋ ಇದೆ. ಟ್ರಿಗರ್ ಕಂಪನಿಯಿಂದ ಬಂದದ್ದೇ. ಎಳೆಯುವಾಗ ಮರಳಿನ ಮೇಲೆ ಏನನ್ನೋ ಜರುಗಿಸಿದ ಹಾಗೆ ಅನಿಸುತ್ತದೆ, ಯಾವಾಗ ಬಿಡುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ಒಮ್ಮೆ ಅಳೆದಾಗ 2.4 ಕಿಲೋ ತೋರಿಸಿತು. ನನ್ನ ಗುಂಡುಗಳು ಜಾಸ್ತಿ ಬಲಕ್ಕೆ, ಸ್ವಲ್ಪ ಕೆಳಕ್ಕೆ ಹೋಗುತ್ತವೆ. ಜೊತೆಯಲ್ಲಿ ಹೊಡೆಯುವ ಒಬ್ಬರು ಹೊಸ ಹಗುರ ಟ್ರಿಗರ್ ಹಾಕಿಸು ಅನ್ನುತ್ತಾರೆ. ಇನ್ನೊಬ್ಬರು ಅದೆಲ್ಲ ದುಡ್ಡು ದಂಡ, ಒಳಗಿನ ಭಾಗವನ್ನು ಸಾಣೆಕಲ್ಲಿನಲ್ಲಿ ಉಜ್ಜಿ ನಯ ಮಾಡಿಕೋ ಅನ್ನುತ್ತಾರೆ. ಮನೆಯಲ್ಲಿ, ಹಗುರ ಟ್ರಿಗರ್ ಅಂದ್ರೆ ಅಪಾಯ ಅಲ್ವಾ ಅಂತ ಭಯ. ನಾನು ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಸಾಣೆಕಲ್ಲನ್ನು ಪಕ್ಕಕ್ಕಿಡಿ. ಈ ಉತ್ತರದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಗುಂಡು ಬಲಕ್ಕೆ ಕೆಳಕ್ಕೆ ಹೋಗುವುದಕ್ಕೆ ಟ್ರಿಗರೇ ಕಾರಣವಾ? ಹೌದಾದರೆ ಬದಲಿಸಬೇಕಾ, ಸರಿಪಡಿಸಬಹುದಾ? ಬದಲಿಸಿದರೆ ಅಪಾಯ ಉಂಟಾ? ರೈಫಲ್ ರಿಪೇರಿ ಬೆಂಚಿನ ಮೇಲೂ ರೇಂಜಿನಲ್ಲಿ ಹೊಸಬರ ಪಕ್ಕದಲ್ಲೂ ಕೂತು ತುಂಬ ವರ್ಷ ಕಳೆದವನು ನಾನು. ಈ ಮೂರನ್ನೂ ಒಂದೇ ಪ್ರಶ್ನೆ ಅಂದುಕೊಂಡು ದುಡ್ಡು ಕಳೆದುಕೊಂಡವರನ್ನು ಜಾಸ್ತಿ ನೋಡಿದ್ದೇನೆ.

ಟ್ರಿಗರ್ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಬೋಲ್ಟ್, ಅಂದರೆ ಬ್ಯಾರಲಿನ ಹಿಂಬಾಗಿಲಿನಂಥ ಉಕ್ಕಿನ ದಂಡ, ಮುಚ್ಚಿದಾಗ ಗುಂಡಿಗೆ ಬಡಿದು ಸಿಡಿಸುವ ಫೈರಿಂಗ್ ಪಿನ್ ಬಲವಾದ ಸ್ಪ್ರಿಂಗಿನ ಒತ್ತಡದಲ್ಲಿ ಹಿಂದೆ ನಿಂತಿರುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವುದು ಸಿಯರ್ ಅನ್ನುವ ಸಣ್ಣ ಉಕ್ಕಿನ ತುಂಡು. ಸಿಯರ್ ಮತ್ತು ಟ್ರಿಗರಿನ ಅಂಚುಗಳು ಬಾಗಿಲಿನ ಚಿಲಕದ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಸಿಕ್ಕಿಕೊಂಡಿರುವ ಭಾಗ ಬಹಳ ಸಲ ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೇ. ನೀವು ಬೆರಳಿನಿಂದ ಎಳೆದಾಗ ಆ ಅರ್ಧ ಮಿಲಿಮೀಟರ್ ಜಾರುತ್ತದೆ, ಚಿಲಕ ಬಿಡುತ್ತದೆ, ಪಿನ್ ಮುಂದೆ ಹಾರುತ್ತದೆ.

ಆ ಜಾರುವಿಕೆ ನಯವಾಗಿಲ್ಲದಿದ್ದರೆ ನೀವು ಹೇಳಿದ ಮರಳಿನ ಅನುಭವ ಬರುತ್ತದೆ. ಬಿಡುವ ಮೊದಲು ಬೆರಳಿಗೆ ಗೊತ್ತಾಗುವ ಈ ಜಾರುವಿಕೆಯನ್ನು ಕ್ರೀಪ್ ಅನ್ನುತ್ತೇವೆ. ಟ್ರಿಗರ್ ಬಿಟ್ಟ ಮೇಲೂ ಬೆರಳು ಹಿಂದಕ್ಕೆ ಹೋಗುತ್ತಲೇ ಇದ್ದರೆ ಅದು ಓವರ್‌ಟ್ರಾವೆಲ್. ಎಳೆಯಲು ಬೇಕಾದ ಬಲವೇ ಟ್ರಿಗರಿನ ತೂಕ. ಎಲ್ಲರೂ ಮಾತಾಡುವುದು ಈ ಮೂರನೆಯದರ ಬಗ್ಗೆ ಮಾತ್ರ. ನನ್ನ ಅನುಭವದಲ್ಲಿ ಹೊಸಬರಿಗೆ ತೊಂದರೆ ಕೊಡುವುದು ಮೊದಲನೆಯದು. ತೂಕ ಎಷ್ಟಿದ್ದರೂ ಪ್ರತಿ ಸಲ ಒಂದೇ ಜಾಗದಲ್ಲಿ, ಒಣ ಕಡ್ಡಿ ಲಟಕ್ಕನೆ ಮುರಿದ ಹಾಗೆ ಬಿಟ್ಟರೆ ಬೆರಳು ಅದನ್ನು ಕಲಿತುಬಿಡುತ್ತದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬಿಡುವ ಟ್ರಿಗರ್ ಹಗುರವಾಗಿದ್ದರೂ ಬೆರಳಿಗೆ ನಂಬಿಕೆ ಬರುವುದಿಲ್ಲ. ನಂಬಿಕೆ ಇಲ್ಲದ ಬೆರಳು ಕೊನೆಗೆ ಜಗ್ಗುತ್ತದೆ.

ಹಾಗಂತ ತೂಕ ಲೆಕ್ಕಕ್ಕೇ ಇಲ್ಲ ಅಂತಲ್ಲ. ನಿಮ್ಮ ರೈಫಲ್ 4 ಕಿಲೋ, ಟ್ರಿಗರ್ 2.4 ಕಿಲೋ. ಅಂದರೆ ರೈಫಲ್‌ನ ತೂಕದ ಅರ್ಧಕ್ಕಿಂತ ಜಾಸ್ತಿ ಬಲವನ್ನು ಒಂದೇ ಬೆರಳಿನಿಂದ ಹಾಕುತ್ತಿದ್ದೀರಿ. ಅದು ನೇರ ಹಿಂದಕ್ಕೆ ಬೀಳದೆ ಚೂರು ಪಕ್ಕಕ್ಕೆ ಬಿದ್ದರೂ ರೈಫಲ್ ಅಲುಗುತ್ತದೆ. ಎಷ್ಟು ಅಲುಗಿದರೆ ಏನಾಗುತ್ತದೆ? ಗುರಿ ನೋಡಲು ರೈಫಲ್ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 70 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. ಮುಂದಿನ ಸೈಟ್ 0.1 ಮಿಲಿಮೀಟರ್, ಅಂದರೆ ಒಂದು ತಲೆಗೂದಲಿನ ದಪ್ಪದಷ್ಟು, ಪಕ್ಕಕ್ಕೆ ಸರಿದರೆ 50 ಮೀಟರಿನಲ್ಲಿ ಗುಂಡು 7 ಮಿಲಿಮೀಟರ್ ಸರಿಯುತ್ತದೆ. 50 ಮೀಟರ್ ರೈಫಲ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. ನಟ್ಟನಡುವೆ ಬೀಳಬೇಕಿದ್ದ ಗುಂಡು ಹತ್ತರ ಅಂಚಿಗೆ ಹೋಗಿ ನಿಲ್ಲುತ್ತದೆ. ಎರಡು ಕೂದಲಿನಷ್ಟು ಸರಿದರೆ ಅದು ಒಂಬತ್ತು. ಭಾರವಾದ, ಒರಟಾದ ಟ್ರಿಗರ್ ಅಂಕ ತಿನ್ನುವುದು ಹೀಗೆ. ಅದು ಗುಂಡಿನ ದಾರಿಯನ್ನು ಏನೂ ಮಾಡುವುದಿಲ್ಲ. ಗುಂಡು ಹೊರಡುವ ಆ ಕ್ಷಣದಲ್ಲಿ ನಿಮ್ಮ ಕೈಯನ್ನು ಕೆಡಿಸುತ್ತದೆ.

ಇದರಿಂದಲೇ ಇನ್ನೊಂದು ವಿಷಯ ಗೊತ್ತಾಗುತ್ತದೆ. ಹೊಸ ಟ್ರಿಗರ್ ರೈಫಲ್‌ನ ನಿಖರತೆಯನ್ನು ಜಾಸ್ತಿ ಮಾಡುತ್ತದೆ ಅನ್ನುವ ಮಾತು ನಿಜವಲ್ಲ. ಬ್ಯಾರಲ್ ಅದೇ, ಗುಂಡು ಅದೇ. ಗಟ್ಟಿ ಬೆಂಚಿನ ಮೇಲೆ ಊರಿಟ್ಟು ಒಬ್ಬ ಪಳಗಿದವರು ಹೊಡೆದರೆ ಎರಡು ಟ್ರಿಗರಿಗೂ ಗುರಿಹಲಗೆಯಲ್ಲಿ ಗುಂಡುಗಳು ಬಿದ್ದ ಗುಂಪಿನ ಗಾತ್ರದಲ್ಲಿ ದೊಡ್ಡ ವ್ಯತ್ಯಾಸ ಕಾಣದಿರಬಹುದು. ವ್ಯತ್ಯಾಸ ಕಾಣುವುದು ಮನುಷ್ಯನ ಕೈಯಲ್ಲಿ ಹಿಡಿದಾಗ.

ಈಗ ನಿಮ್ಮ ಗುಂಡು ಬಲಕ್ಕೆ ಕೆಳಕ್ಕೆ ಹೋಗುವ ವಿಚಾರ. ಟ್ರಿಗರ್ ಜಗ್ಗುವುದರಿಂದ ಹೀಗಾಗಬಹುದು. ಮಲಗಿದಾಗ ದೇಹದ ಕೋನ ಸರಿ ಇಲ್ಲದೆ, ರೈಫಲ್ ತಾನಾಗಿ ಬೇರೆ ಕಡೆ ತಿರುಗಲು ನೋಡುತ್ತಿದ್ದು ನೀವು ಸ್ನಾಯು ಬಿಗಿದು ಅದನ್ನು ಗುರಿಗೆ ಎಳೆದು ಹಿಡಿದಿದ್ದರೂ ಹೀಗಾಗಬಹುದು. ಗುಂಡು ಸಿಡಿದ ಕ್ಷಣ ಸ್ನಾಯು ಸಡಿಲವಾಗುತ್ತದೆ, ರೈಫಲ್ ತನ್ನ ಇಷ್ಟದ ಕಡೆ ಹೋಗುತ್ತದೆ. ಸೈಟನ್ನೇ ಸರಿಯಾಗಿ ಕೂರಿಸದೆ ಇದ್ದಿರಲೂಬಹುದು. ಆದರೆ ಸೈಟಿನ ತಪ್ಪಾದರೆ ಎಲ್ಲ ಗುಂಡುಗಳೂ ಸರಿಯುತ್ತವೆ. ನೀವು ‘ಜಾಸ್ತಿ’ ಅಂತ ಬರೆದಿದ್ದೀರಿ, ‘ಎಲ್ಲ’ ಅಂತ ಬರೆದಿಲ್ಲ. ಹಾಗಾಗಿ ನನಗೆ ಮೊದಲ ಎರಡರ ಮೇಲೇ ಅನುಮಾನ.

ಗೊತ್ತು ಮಾಡಿಕೊಳ್ಳಲು ದುಡ್ಡು ಖರ್ಚಾಗದ ಮೂರು ದಾರಿ ಇವೆ. ಒಂದು, ನಾಣ್ಯ. ರೈಫಲ್ ಖಾಲಿ ಮಾಡಿ. ಚೇಂಬರನ್ನು, ಅಂದರೆ ಬ್ಯಾರಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗವನ್ನು, ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. .22 ರೈಫಲ್‌ಗಳಲ್ಲಿ ಕೆಲವನ್ನು ಖಾಲಿ ಹೊಡೆಯಬಾರದು, ಪಿನ್ ಹೋಗಿ ಚೇಂಬರಿನ ಅಂಚಿಗೆ ಬಡಿಯುತ್ತದೆ. ನಿಮ್ಮ ಕೈಪಿಡಿ ನೋಡಿ, ಬೇಕಾದರೆ ಮದ್ದಿಲ್ಲದ ಡಮ್ಮಿ ಗುಂಡು ಹಾಕಿ. ಈಗ ಮಲಗಿ ಗುರಿ ಹಿಡಿಯಿರಿ. ಯಾರಾದರೂ ಪಕ್ಕದಿಂದ ಕೈ ಚಾಚಿ ಬ್ಯಾರಲ್ ಮೇಲೆ, ಮೂತಿಗಿಂತ ಸ್ವಲ್ಪ ಹಿಂದೆ, ಒಂದು ನಾಣ್ಯ ಇಡಲಿ. ಖಾಲಿ ರೈಫಲ್ ಆದರೂ ಮೂತಿಯ ಎದುರಿಗೆ ಯಾರೂ ಬರಬಾರದು. ಟ್ರಿಗರ್ ಎಳೆಯಿರಿ. ನಾಣ್ಯ ಬೀಳಬಾರದು. ಯಾವ ಕಡೆಗೆ ಬೀಳುತ್ತದೆ ಅನ್ನುವುದನ್ನೂ ನೋಡಿ. ನಾಣ್ಯ ಬಿದ್ದ ದಿಕ್ಕು ಬಹಳ ವಿಷಯ ಹೇಳುತ್ತದೆ.

ಎರಡನೆಯದು ಇನ್ನೂ ಒಳ್ಳೆಯದು. ರೇಂಜಿನಲ್ಲಿ ಪಕ್ಕದವರು ನಿಮಗೆ ಕಾಣದ ಹಾಗೆ ಒಮ್ಮೆ ನಿಜ ಗುಂಡು, ಒಮ್ಮೆ ಡಮ್ಮಿ ಹಾಕಿ ಕೊಡಲಿ. ಡಮ್ಮಿ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ. ಆದರೂ ಮೂತಿ ಬಲಕ್ಕೆ ಕೆಳಕ್ಕೆ ಮುಗ್ಗರಿಸಿದರೆ ಅದು ನಿಮ್ಮ ಬೆರಳು, ನಿಮ್ಮ ಭುಜ. ಹೀಗೆ ಮಾಡಿಸಿದಾಗ ಮುಖ ಸಪ್ಪಗಾಗದವರು ಕಡಿಮೆ. ಬೇಜಾರು ಮಾಡಿಕೊಳ್ಳಬೇಡಿ. ಭಾರದ ಟ್ರಿಗರ್ ಈ ಅಭ್ಯಾಸವನ್ನು ಯಾರಿಗಾದರೂ ಹತ್ತಿಸುತ್ತದೆ.

ಮೂರು, ಅದಲುಬದಲು. ನಿಮ್ಮ ಕೋಚ್ ನಿಮ್ಮ ರೈಫಲ್‌ನಲ್ಲಿ ಹತ್ತು ಗುಂಡು ಹೊಡೆಯಲಿ. ಒಳ್ಳೆಯ ಟ್ರಿಗರ್ ಇರುವ ಇನ್ನೊಬ್ಬರ ರೈಫಲ್‌ನಲ್ಲಿ ನೀವು ಹತ್ತು ಹೊಡೆಯಿರಿ. ಅಲ್ಲೂ ಬಲಕ್ಕೆ ಕೆಳಕ್ಕೇ ಹೋದರೆ ಟ್ರಿಗರಿಗೆ ಹಾಕುವ ದುಡ್ಡನ್ನು ಗುಂಡಿಗೆ, ಅಭ್ಯಾಸಕ್ಕೆ ಹಾಕಿ.

ಇನ್ನು ಅಳತೆ. ಒಂದು ಸಲ ಅಳೆದದ್ದು ಅಳತೆಯಲ್ಲ. ತಕ್ಕಡಿಯ ಕೊಕ್ಕೆಯನ್ನು ಟ್ರಿಗರಿನ ನಡುಭಾಗಕ್ಕೆ ಹಾಕಿ, ಬ್ಯಾರಲ್‌ಗೆ ಸಮವಾಗಿ ನೇರ ಹಿಂದಕ್ಕೆ ನಿಧಾನ ಎಳೆಯಿರಿ. ಕೊಕ್ಕೆ ಕೆಳತುದಿಗೆ ಜಾರಿದರೆ ತೂಕ ಕಡಿಮೆ ತೋರಿಸುತ್ತದೆ, ಉದ್ದ ಸನ್ನೆಕೋಲಿನಿಂದ ಕಲ್ಲು ಮೀಟಿದ ಹಾಗೆ. ಹತ್ತು ಸಲ ಅಳೆದು ಬರೆದಿಡಿ. ಸರಾಸರಿಗಿಂತ ಏರುಪೇರು ಮುಖ್ಯ. ಹತ್ತೂ ಸಲ 2.3, 2.4 ಅಂತ ಬಂದರೆ ಟ್ರಿಗರ್ ಭಾರ, ಆದರೆ ಆರೋಗ್ಯವಾಗಿದೆ. 1.9ರಿಂದ 2.7ರವರೆಗೆ ಓಡಾಡಿದರೆ ಒಳಗೆ ಏನೋ ಸಿಕ್ಕಿಕೊಂಡಿದೆ.

ಸಿಕ್ಕಿಕೊಂಡಿರುವುದು ಬಹಳ ಸಲ ಕೊಳೆ. .22 ಗುಂಡಿನ ಮೇಲೆ ಮೇಣದಂಥ ಜಿಡ್ಡು ಇರುತ್ತದೆ. ಅದು, ಸುಟ್ಟ ಮದ್ದಿನ ಮಸಿ, ನೀವು ಬೋಲ್ಟಿಗೆ ಹಾಕಿದ ಎಣ್ಣೆ, ಮೂರೂ ಸೇರಿ ಕೆಳಗಿಳಿದು ಟ್ರಿಗರ್ ಒಳಗೆ ಅಂಟಾಗುತ್ತದೆ. ನೀವು ಹೇಳಿದ ಮರಳಿನ ಅನುಭವವನ್ನೇ ಹೇಳುತ್ತ ತಂದುಕೊಟ್ಟ ಒಂದು ರೈಫಲ್ ನೆನಪಿದೆ. ಕಟ್ಟಿಗೆಯ ಭಾಗದಿಂದ ಬಿಚ್ಚಿ ನೋಡಿದರೆ ಟ್ರಿಗರಿನ ಎರಡೂ ಪಕ್ಕ ಕಾಫಿ ಗಷ್ಟಿನ ಹಾಗೆ ಕಪ್ಪು ಮೆತ್ತಿತ್ತು. ಜೊತೆಗೆ ಟ್ರಿಗರಿನ ಎಡಪಕ್ಕ ಕಟ್ಟಿಗೆಗೆ ತಾಗಿ, ಮರದಲ್ಲಿ ಉಗುರಿನ ಗೀಟಿನಷ್ಟು ಹೊಳೆಯುವ ಗುರುತು ಬಿದ್ದಿತ್ತು. ಎಣ್ಣೆ ಉಳಿಸದೆ ಆರಿಹೋಗುವ ಕ್ಲೀನರಿನಲ್ಲಿ ತೊಳೆದು, ಮರ ತಾಗುವಲ್ಲಿ ಚೂರು ಬಿಡಿಸಿ, ಕಂಪನಿ ಹೇಳಿದಷ್ಟೇ ಬಿಗಿಗೆ ಸ್ಕ್ರೂ ಹಾಕಿ ಕೊಟ್ಟೆ. ಅವರು ಹೊಸ ಟ್ರಿಗರ್ ಕೊಳ್ಳಲಿಲ್ಲ. ನಿಮ್ಮದನ್ನೂ ಮೊದಲು ತೊಳೆಸಿ. ಆಮೇಲೆ ಟ್ರಿಗರಿಗೆ ಎಣ್ಣೆ ಸುರಿಯಬೇಡಿ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಳಿಯಲ್ಲಿ ಗಟ್ಟಿಯಾಗುತ್ತದೆ.

ತೊಳೆದ ಮೇಲೂ ಭಾರವೇ ಇದ್ದರೆ ಕೈಪಿಡಿ ತೆಗೆಯಿರಿ. ಈಗಿನ ಬಹಳ ರೈಫಲ್‌ಗಳ ಟ್ರಿಗರಿನಲ್ಲಿ ತೂಕ ಹೊಂದಿಸುವ ಸ್ಕ್ರೂ ಇರುತ್ತದೆ. 2000ರ ದಶಕದ ಆರಂಭದಲ್ಲಿ ಸ್ಯಾವೇಜ್ ಕಂಪನಿ ತನ್ನ ಆಕ್ಯುಟ್ರಿಗರ್ ತಂದ ಮೇಲೆ, ಕಂಪನಿ ಟ್ರಿಗರ್ ಅಂದರೆ ಕೆಟ್ಟದ್ದು ಅನ್ನುವ ಮಾತು ಹಳೆಯದಾಯಿತು. ಟ್ರಿಗರಿನ ನಡುವೆ ಒಂದು ತೆಳ್ಳನೆ ಅಲಗು, ಅದನ್ನು ಬೆರಳು ಒತ್ತದ ಹೊರತು ಸಿಯರ್ ಬಿಡದ ಹಾಗೆ ಮಾಡಿ, ಬಳಸುವವರೇ ತೂಕ ಇಳಿಸಿಕೊಳ್ಳಲು ಬಿಟ್ಟರು. ಉಳಿದವರೂ ತಮ್ಮ ತಮ್ಮ ದಾರಿಯಲ್ಲಿ ಟ್ರಿಗರ್ ಸುಧಾರಿಸಿದರು. ನಿಮ್ಮದರಲ್ಲಿ ಅಂಥ ಸ್ಕ್ರೂ ಇದ್ದು, ಬಳಸುವವರೇ ತಿರುಗಿಸಬಹುದು ಅಂತ ಕೈಪಿಡಿ ಹೇಳಿದರೆ ಮಾತ್ರ ತಿರುಗಿಸಿ, ಹೇಳಿದ ಮಿತಿಯೊಳಗೆ. ಬಣ್ಣದ ಮೇಣ ಹಾಕಿ ಮುಚ್ಚಿದ ಸ್ಕ್ರೂ ಕಂಡರೆ ಮುಟ್ಟಬೇಡಿ. ಸಿಯರ್ ಎಷ್ಟು ಸಿಕ್ಕಿಕೊಳ್ಳಬೇಕು ಅನ್ನುವುದನ್ನು ಬಹಳ ಸಲ ಅಂಥ ಸ್ಕ್ರೂವೇ ನಿರ್ಧರಿಸುತ್ತದೆ.

ಕಂಪನಿಯವರು ಟ್ರಿಗರನ್ನು ಭಾರ ಇಡುವುದು ಸುಮ್ನೆ ಅಲ್ಲ. ಆ ರೈಫಲ್ ಯಾರ ಕೈಗೆ ಹೋಗುತ್ತದೆ, ಎಲ್ಲಿ ಕೆಳಗೆ ಬೀಳುತ್ತದೆ, ಎಷ್ಟು ವರ್ಷ ತೊಳೆಯದೆ ಉಳಿಯುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಕೈಗವಸು ಹಾಕಿದ, ಚಳಿಗೆ ಮರಗಟ್ಟಿದ ಬೆರಳಿಗೂ ಅದು ಹೊಂದಬೇಕು. ಹಾಗಾಗಿ ಸಿಯರ್ ಜಾಸ್ತಿ ಸಿಕ್ಕಿಕೊಳ್ಳುವ ಹಾಗೆ, ಸ್ಪ್ರಿಂಗ್ ಬಲವಾಗಿ ಇರುವ ಹಾಗೆ ಮಾಡುತ್ತಾರೆ. ಆದರೆ ಕಂಪನಿಯದು ಅಂದ ಮಾತ್ರಕ್ಕೆ ತಪ್ಪೇ ಆಗುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳ ಎಕ್ಸ್‌-ಮಾರ್ಕ್ ಪ್ರೋ ಟ್ರಿಗರುಗಳನ್ನು ವಾಪಸ್ ಕರೆಸಿತು. ಜೋಡಿಸುವಾಗ ಹಾಕಿದ ಅಂಟು ಜಾಸ್ತಿಯಾಗಿ, ಕೆಲವು ಸಂದರ್ಭದಲ್ಲಿ ಬೆರಳು ಇಡದೆ ಗುಂಡು ಹಾರುವ ಸಾಧ್ಯತೆ ಇತ್ತು. ಅದಕ್ಕೇ ನಿಮ್ಮ ರೈಫಲ್‌ನ ಮಾಡೆಲ್ ಮತ್ತು ನಂಬರ್ ಹಿಡಿದು, ಹೀಗೆ ವಾಪಸ್ ಕರೆಸಿದ್ದು ಉಂಟಾ ಅಂತ ಒಮ್ಮೆ ನೋಡಿಕೊಳ್ಳಿ.

ಈಗ ಸಾಣೆಕಲ್ಲು. ಸಿಯರಿನ ಅಂಚಿಗೆ ಬಹಳ ಸಲ ಮೇಲ್ಪದರ ಮಾತ್ರ ಗಟ್ಟಿ ಮಾಡಿರುತ್ತಾರೆ. ಆ ಗಟ್ಟಿ ಪದರ ತೀರಾ ತೆಳು. ಮನೆಯಲ್ಲಿ ಉಜ್ಜಿದಾಗ ಮೊದಲ ದಿನ ಬೆಣ್ಣೆಯ ಹಾಗೆ ನಯ ಅನಿಸುತ್ತದೆ. ಗಟ್ಟಿ ಪದರ ಹೋಗಿ ಒಳಗಿನ ಮೆದು ಉಕ್ಕು ಹೊರಗೆ ಬಂದಿರುತ್ತದೆ. ದಿನ ಕಳೆದ ಹಾಗೆ ಅದು ತಾನೇ ಸವೆಯುತ್ತದೆ. ಒಬ್ಬ ಹುಡುಗ ತಂದ ರೈಫಲ್‌ನ ಸಿಯರನ್ನು ಲೂಪ್ ಅನ್ನುವ ಭೂತಗನ್ನಡಿ ಹಿಡಿದು ನೋಡಿದ್ದೆ. ಚೂಪಾಗಿ, ನೇರವಾಗಿ ಇರಬೇಕಾದ ಅಂಚು ಬಳಸಿದ ಸೋಪಿನ ಮೂಲೆಯ ಹಾಗೆ ದುಂಡಗಾಗಿತ್ತು. ಖಾಲಿ ರೈಫಲ್‌ನ ಬೋಲ್ಟನ್ನು ಸ್ವಲ್ಪ ಜೋರಾಗಿ ಮುಚ್ಚಿದೆ. ಟಕ್ ಅಂತ ಪಿನ್ ತಾನೇ ಬಿತ್ತು. ಅವನ ಬೆರಳೂ ಟ್ರಿಗರ್ ಮೇಲಿರಲಿಲ್ಲ, ನನ್ನದೂ ಇರಲಿಲ್ಲ. ಹಿಂದಿನ ವಾರ ಅದೇ ರೈಫಲ್‌ನಲ್ಲಿ ಅವನು ನಿಜ ಗುಂಡು ಹೊಡೆದಿದ್ದ. ಆ ಟಕ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಸ್ಪ್ರಿಂಗನ್ನು ಒಂದೆರಡು ಸುತ್ತು ಕತ್ತರಿಸಿ ಹಗುರ ಮಾಡುವುದೂ ಇದೇ ಜಾತಿಯ ಕೆಲಸ. ಟ್ರಿಗರ್ ವಾಪಸ್ ಪೂರ್ತಿ ಕೂರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ, ಕ್ರೀಪ್ ಇದ್ದಷ್ಟೇ ಇರುತ್ತದೆ.

ಹಾಗಾದರೆ ಹೊಸ ಟ್ರಿಗರ್? ತೊಳೆದು, ಹೊಂದಿಸಿ, ಅಳೆದು ನೋಡಿದ ಮೇಲೂ ಒರಟು ಹೋಗದಿದ್ದರೆ ಬದಲಿಸುವುದು ನ್ಯಾಯವಾದ ಖರ್ಚು. ಸಂಕೋಚ ಬೇಡ. ಆದರೆ ಬಿಡಿಭಾಗ ತಂದು ಹಳೆಯದರ ಜೊತೆ ಕೂಡಿಸಬೇಡಿ. ನಿಮ್ಮ ಮಾಡೆಲ್‌ಗೆಂದೇ ಮಾಡಿದ, ಸಿಯರ್ ಸಮೇತ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಬರುವ ಪೂರ್ತಿ ಘಟಕ ತೆಗೆದುಕೊಳ್ಳಿ. ಟಿಮ್ನಿ, ಟ್ರಿಗರ್‌ಟೆಕ್‌ನಂಥ ಕಂಪನಿಗಳ ಕೆಲಸವೇ ಇದು. ನಿಮ್ಮ ಮಾಡೆಲ್‌ಗೆ ಸಿಗುತ್ತದಾ ಅಂತ ಮೊದಲು ನೋಡಿ. ಎಲ್ಲ .22 ರೈಫಲ್‌ಗಳಿಗೂ ಸಿಗುವುದಿಲ್ಲ. ಸಿಗದಿದ್ದರೆ, ಆ ರೈಫಲ್ ಮೇಲೆ ದುಡ್ಡು ಸುರಿಯುವುದಕ್ಕಿಂತ ಒಳ್ಳೆಯ ಟ್ರಿಗರ್ ಇರುವ ಸೆಕೆಂಡ್ ಹ್ಯಾಂಡ್ ಟಾರ್ಗೆಟ್ ರೈಫಲ್ ಕಡೆ ಯೋಚಿಸುವುದು ಮೇಲು.

ಆಯ್ಕೆ ಮಾಡುವಾಗ ಒಂದು ಹಂತದ್ದಾ, ಎರಡು ಹಂತದ್ದಾ ಅಂತ ಕೇಳುತ್ತಾರೆ. ಒಂದು ಹಂತದ್ದು ಬೆರಳಿಟ್ಟ ಕೂಡಲೇ ಗೋಡೆಯ ಹಾಗೆ ನಿಂತಿರುತ್ತದೆ, ಬಲ ಹೆಚ್ಚಿಸಿದರೆ ಬಿಡುತ್ತದೆ. ಎರಡು ಹಂತದ್ದರಲ್ಲಿ ಮೊದಲು ಸ್ವಲ್ಪ ದೂರ ಸಡಿಲವಾಗಿ ಬಂದು, ಒಂದು ಕಡೆ ತಡೆಯುತ್ತದೆ. ಅಲ್ಲಿಂದ ಇನ್ನು ಸ್ವಲ್ಪ ಒತ್ತಿದರೆ ಬಿಡುತ್ತದೆ. ಮಲಗಿ, ಸಮಯ ತೆಗೆದುಕೊಂಡು, ಒಂದೊಂದೇ ಗುಂಡು ಹೊಡೆಯುವ ನಿಮ್ಮಂಥವರಿಗೆ ನಾನು ಎರಡು ಹಂತದ್ದನ್ನೇ ಹೇಳುತ್ತೇನೆ. ಮೊದಲ ಹಂತದಲ್ಲಿ ಬೆರಳು ತನ್ನ ಜಾಗ ಕಂಡುಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಆಮೇಲೆ ನಿರ್ಧಾರ. ಟ್ರಿಗರಿನಲ್ಲಿ ಬೆರಳಿಡುವ ಭಾಗವನ್ನು ಹಿಂದೆ ಮುಂದೆ ಸರಿಸುವ ಅನುಕೂಲ ಇದ್ದರೆ ಇನ್ನೂ ಒಳ್ಳೆಯದು. ಬೆರಳಿನ ತುದಿಗೂ ಮೊದಲ ಗೆಣ್ಣಿಗೂ ನಡುವಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಗೆಣ್ಣು ಕೂತರೆ ಎಳೆತ ಪಕ್ಕಕ್ಕೆ ಹೋಗುತ್ತದೆ.

ತೂಕ ಎಷ್ಟಿರಲಿ? ದೊಡ್ಡ ಪಂದ್ಯಗಳಲ್ಲಿ ಹೊಡೆಯುವವರ ಟ್ರಿಗರ್ 100 ಗ್ರಾಂ ಆಸುಪಾಸು ಇರುವುದುಂಟು. ಅದನ್ನು ಕೇಳಿ ಆಸೆಪಡಬೇಡಿ. ಬೆರಳು ಕಲಿಯದೆ ಅಷ್ಟು ಇಳಿಸಿದರೆ, ನೀವು ಸಿದ್ಧವಾಗುವ ಮೊದಲೇ ಗುಂಡು ಹೋಗಿರುತ್ತದೆ. ನಿಮಗೆ 1 ಕಿಲೋದಿಂದ ಶುರುಮಾಡಿ ಅನ್ನುತ್ತೇನೆ. ಆರು ತಿಂಗಳು ಅದರಲ್ಲೇ ಹೊಡೆಯಿರಿ. ಒಂದು ಗುಂಡೂ ನಿಮ್ಮನ್ನು ಕೇಳದೆ ಹೋಗದಿದ್ದರೆ ಆಮೇಲೆ 700 ಗ್ರಾಂ. ಪಂದ್ಯಕ್ಕೆ ಹೋಗುವ ಮನಸ್ಸಿದ್ದರೆ ಆ ಸ್ಪರ್ಧೆಯ ನಿಯಮ ಓದಿ. ಅಂತಾರಾಷ್ಟ್ರೀಯ ನಿಯಮದಲ್ಲಿ 50 ಮೀಟರ್ ರೈಫಲ್‌ಗೆ ಟ್ರಿಗರ್ ತೂಕದ ಕನಿಷ್ಠ ಮಿತಿ ಇಲ್ಲ. 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ 1500 ಗ್ರಾಂ, ಹಿಮದ ಮೇಲೆ ಸ್ಕೀ ಓಟದ ನಡುವೆ ಗುಂಡು ಹೊಡೆಯುವ ಬಯಥ್ಲಾನ್ ಸ್ಪರ್ಧೆಯ ರೈಫಲ್‌ಗೆ 500 ಗ್ರಾಂ ಮಿತಿ ಇದೆ. ಕ್ಲಬ್ಬುಗಳು ತಮ್ಮದೇ ಮಿತಿ ಇಟ್ಟಿರುತ್ತವೆ. ಅದೇ ರೈಫಲನ್ನು ಹೊತ್ತು ಗದ್ದೆ, ಗುಡ್ಡ ಓಡಾಡುವವರಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಅವರಿಗೆ ಭಾರವೇ ಇರಲಿ.

ಮನೆಯವರ ಭಯಕ್ಕೆ ಬರುತ್ತೇನೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಚೆನ್ನಾಗಿ ಮಾಡಿದ, ಸರಿಯಾಗಿ ಕೂರಿಸಿದ ಹಗುರ ಟ್ರಿಗರ್ ತಾನಾಗಿ ಸಿಡಿಯುವುದಿಲ್ಲ. ಆದರೆ ತಪ್ಪಿಗೆ ಅದು ಕೊಡುವ ಅವಕಾಶ ಕಡಿಮೆ. 2.4 ಕಿಲೋ ಟ್ರಿಗರಿಗೆ ಬೆರಳು ಅಕಸ್ಮಾತ್ ತಾಗಿದರೆ ಏನೂ ಆಗದಿರಬಹುದು. 700 ಗ್ರಾಂಗೆ ತಾಗಿದರೆ ಗುಂಡು ಹೋಗುತ್ತದೆ. ಅದಕ್ಕೇ ಗುರಿ ಕಾಣುವವರೆಗೆ ಬೆರಳು ಟ್ರಿಗರ್ ಗಾರ್ಡಿನ ಹೊರಗೆ, ಮೂತಿ ಯಾವತ್ತೂ ಗುರಿಯ ಕಡೆಗೆ. ಇದು ರೂಢಿಯಾಗದವರಿಗೆ ನಾನು ಹಗುರ ಟ್ರಿಗರ್ ಹಾಕಿಕೊಡುವುದಿಲ್ಲ. ಆ ರೈಫಲನ್ನು ಬೇರೆಯವರ ಕೈಗೆ ಕೊಡುವಾಗಲೂ ಟ್ರಿಗರ್ ಹಗುರ ಅಂತ ಬಾಯಿಬಿಟ್ಟು ಹೇಳಬೇಕು.

ಕೂರಿಸುವ ಕೆಲಸ ಪರವಾನಗಿ ಇರುವ ಗನ್‌ಸ್ಮಿತ್ ಕೈಯಲ್ಲಿ ಆಗಲಿ. ಹಲವು ಕಡೆ ಕಾನೂನೂ ಅದನ್ನೇ ಕೇಳುತ್ತದೆ. ಕಂಪನಿಯ ವಾರಂಟಿ ಹೋಗುತ್ತದಾ ಅಂತಲೂ ಮೊದಲೇ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಅವರ ಎದುರಿಗೇ, ಖಾಲಿ ರೈಫಲ್‌ನಲ್ಲಿ ಪರೀಕ್ಷೆ ಮಾಡಿಸಿ. ಬೋಲ್ಟನ್ನು ಹತ್ತಿಪ್ಪತ್ತು ಸಲ ಜೋರಾಗಿ ಮುಚ್ಚಬೇಕು, ಪಿನ್ ಬೀಳಬಾರದು. ಹಿಂಬದಿಯನ್ನು ರಬ್ಬರ್ ಸುತ್ತಿಗೆಯಿಂದ ಎಲ್ಲ ಕಡೆ ತಟ್ಟಬೇಕು, ಬೀಳಬಾರದು. ಗುಂಡು ಹಾರದ ಹಾಗೆ ತಡೆಯುವ ಸೇಫ್ಟಿ ಹಾಕಿ ಟ್ರಿಗರ್ ಜೋರಾಗಿ ಎಳೆದು ಬಿಡಬೇಕು, ಆಮೇಲೆ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಬೇಕು, ಆಗಲೂ ಬೀಳಬಾರದು. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಹೊಸ ಟ್ರಿಗರ್ ಹಳೆಯ ಸೇಫ್ಟಿಗೆ ಹೊಂದದಿದ್ದರೆ ಸಿಕ್ಕಿಬೀಳುವುದು ಇಲ್ಲೇ. ಒಂದು ಸಲ ತಪ್ಪಿದರೂ ರೈಫಲ್ ಅಲ್ಲೇ ಬಿಟ್ಟು ಬನ್ನಿ.

ನಿಮ್ಮ ವಿಷಯದಲ್ಲಿ ನನ್ನ ಊಹೆ ಹೀಗಿದೆ: ಒರಟು ಟ್ರಿಗರಿನದು, ಬಲಕ್ಕೆ ಕೆಳಕ್ಕೆ ಹೋಗುವುದು ಆ ಒರಟಿಗೆ ಹೆದರಿ ಜಗ್ಗಲು ಕಲಿತ ಬೆರಳಿನದು. ಹಾಗಾದರೆ ಟ್ರಿಗರ್ ಸರಿಯಾದ ಮೇಲೂ ಬೆರಳಿಗೆ ಕೆಲವು ವಾರ ಬೇಕು. ಈ ವಾರ ಟ್ರಿಗರ್ ತೊಳೆಸಿ, ಹತ್ತು ಅಳತೆ ತೆಗೆಯಿರಿ. ನಾಲ್ಕು ವಾರ ದಿನಕ್ಕೆ ಹದಿನೈದು ನಿಮಿಷ ನಾಣ್ಯ ಇಟ್ಟು ಖಾಲಿ ಅಭ್ಯಾಸ ಮಾಡಿ. ಆಮೇಲೆ ಹತ್ತು ಅಳತೆ, ರೈಫಲ್‌ನ ಮಾಡೆಲ್, ನಾಣ್ಯ ಯಾವ ಕಡೆ ಬೀಳುತ್ತಿತ್ತು, ಇಷ್ಟನ್ನು ಬರೆದು ಕಳಿಸಿ. ಬದಲಿಸಲೇಬೇಕು ಅನಿಸಿದರೆ ನಿಮ್ಮ ರೈಫಲ್‌ಗೆ ಯಾವ ಘಟಕ ಹೊಂದುತ್ತದೆ ಅಂತ ಆಗ ಹೇಳುತ್ತೇನೆ.